ಒಂದು ಗಂಟೆ ಬಾರಿಸಲು ಇಷ್ಟೆಲ್ಲ ಯಾಕೆ?
ಸಾಲು ಸಾಲಾಗಿ ಬೀಳುವ ಡಾಮಿನೊ, ಉರುಳುವ ಗೋಲಿ, ಎಳೆಯುವ ದಾರ: ಮಕ್ಕಳ ಈ ‘ಸುತ್ತುಬಳಸಿನ ಯಂತ್ರ’ ಕಲಿಸುವುದೇನು, ನಾವು ಮಾಡಬೇಕಾದ್ದೇನು

ದೇವರ ಮನೆಯ ಗಂಟೆ ಬಾರಿಸಬೇಕು ಅಂದರೆ ಕೈ ಚಾಚಿ ಅಲ್ಲಾಡಿಸಿದರೆ ಸಾಕು. ಅದನ್ನೇ ಹತ್ತು ವರ್ಷದ ಮಗುವಿಗೆ ಒಪ್ಪಿಸಿ, ‘ಕೈಯಲ್ಲಿ ಮುಟ್ಟದೆ ಬಾರಿಸು’ ಎಂದು ಹೇಳಿ ನೋಡಿ. ಸೋಫಾ ಮೇಲಿಂದ ಗೋಲಿ ಉರುಳಬೇಕು, ಅದು ಪುಸ್ತಕ ಬೀಳಿಸಬೇಕು, ಪುಸ್ತಕ ಆಟದ ಕಾರನ್ನು ತಳ್ಳಬೇಕು, ಕಾರು ದಾರ ಎಳೆಯಬೇಕು, ದಾರದ ತುದಿಯಲ್ಲಿ ಗಂಟೆ ಆಡಬೇಕು. ಮನೆಯ ಅರ್ಧ ಸಾಮಾನು ಹಾಲ್‌ಗೆ ಬರುತ್ತದೆ. ಅಡುಗೆಮನೆಯ ಸೌಟು ನಾಪತ್ತೆಯಾಗುತ್ತದೆ. ಮೊದಲ ಇಪ್ಪತ್ತು ಸಲ ಗಂಟೆ ಬಾರಿಸುವುದೇ ಇಲ್ಲ.

ಇದಕ್ಕೆ ಇಂಗ್ಲಿಷಿನಲ್ಲಿ ‘ರೂಬ್ ಗೋಲ್ಡ್‌ಬರ್ಗ್ ಮಷೀನ್’ ಅನ್ನುತ್ತಾರೆ. ಸಿಡ್ನಿಯಲ್ಲಾಗಲಿ ಮೆಲ್ಬರ್ನ್‌ನಲ್ಲಾಗಲಿ, ನಿಮ್ಮ ಮಕ್ಕಳು ಏಳು–ಎಂಟನೇ ವರ್ಷದ ವಿಜ್ಞಾನಕ್ಕೆ ಬಂದಾಗ ಬಲ, ಸರಳ ಯಂತ್ರ, ಶಕ್ತಿಯ ರೂಪಾಂತರ ಎಂಬ ಪಾಠಗಳು ಬರುತ್ತವೆ. ಆಗ ‘ಮನೆಯಲ್ಲಿ ಒಂದು ಸರಣಿ ಯಂತ್ರ ಮಾಡಿ, ವಿಡಿಯೊ ತೆಗೆದು ತನ್ನಿ’ ಎಂಬ ಅಸೈನ್‌ಮೆಂಟ್ ಬಂದರೆ ಅಚ್ಚರಿಪಡಬೇಡಿ. ಅಷ್ಟು ದಿನ ಕಾಯಬೇಕಾಗಿಯೂ ಇಲ್ಲ. ಜುಲೈ ರಜೆಯ ಚಳಿಗಾಲದ ಮಧ್ಯಾಹ್ನಕ್ಕೆ ಇದಕ್ಕಿಂತ ಅಗ್ಗದ, ಇದಕ್ಕಿಂತ ಹೆಚ್ಚು ಕಲಿಸುವ ಆಟ ಇನ್ನೊಂದಿಲ್ಲ.

ಈ ಗೋಲ್ಡ್‌ಬರ್ಗ್ ಯಾರು?

ರೂಬ್ ಗೋಲ್ಡ್‌ಬರ್ಗ್ ಹುಟ್ಟಿದ್ದು 1883ರಲ್ಲಿ, ಸ್ಯಾನ್ ಫ್ರಾನ್ಸಿಸ್ಕೊದಲ್ಲಿ. ನಮ್ಮ ಅನೇಕ ಮನೆಗಳ ಕಥೆಯೇ ಅವನದೂ: ಚಿತ್ರ ಬರೆಯುವ ಆಸೆ, ಮನೆಯವರಿಗೆ ಮಗ ಎಂಜಿನಿಯರ್ ಆಗಲಿ ಎಂಬ ಹಂಬಲ. ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಎಂಜಿನಿಯರಿಂಗ್ ಮುಗಿಸಿ, ಊರಿನ ನೀರು ಮತ್ತು ಒಳಚರಂಡಿ ಇಲಾಖೆಯಲ್ಲಿ ಕೆಲವು ತಿಂಗಳು ಕೆಲಸ ಮಾಡಿ, ಅದನ್ನು ಬಿಟ್ಟು ಪತ್ರಿಕೆಗೆ ವ್ಯಂಗ್ಯಚಿತ್ರಕಾರನಾಗಿ ಸೇರಿದ. ಆದರೆ ಎಂಜಿನಿಯರಿಂಗ್ ಅವನನ್ನು ಬಿಡಲಿಲ್ಲ. ತೀರಾ ಚಿಕ್ಕ ಕೆಲಸವನ್ನು ತೀರಾ ದೊಡ್ಡ ಗೋಜಲಿನಿಂದ ಮಾಡುವ ಯಂತ್ರಗಳನ್ನು ಬರೆಯತೊಡಗಿದ.

ಅವನ ಹೆಸರಾಂತ ಚಿತ್ರವೊಂದರಲ್ಲಿ ಒಬ್ಬ ಸೂಪ್ ಕುಡಿಯುತ್ತಿದ್ದಾನೆ. ಚಮಚ ಮೇಲೆತ್ತಿದಾಗ ದಾರ ಎಳೆಯುತ್ತದೆ, ಸೌಟು ಚಿಮ್ಮಿ ಬಿಸ್ಕತ್ತು ಹಾರುತ್ತದೆ, ಅದನ್ನು ಹಿಡಿಯಲು ಗಿಳಿ ಜಿಗಿಯುತ್ತದೆ, ಗಿಳಿ ಕೂತಿದ್ದ ಕೋಲು ವಾಲಿ ಕಾಳುಗಳು ಬಕೆಟ್ಟಿಗೆ ಬೀಳುತ್ತವೆ, ಬಕೆಟ್ಟಿನ ಭಾರಕ್ಕೆ ಇನ್ನೊಂದು ದಾರ ಎಳೆದು ಲೈಟರ್ ಹೊತ್ತುತ್ತದೆ, ರಾಕೆಟ್ ಹಾರುತ್ತದೆ, ಅದಕ್ಕೆ ಕಟ್ಟಿದ ಕುಡುಗೋಲು ದಾರ ಕತ್ತರಿಸುತ್ತದೆ, ಕೊನೆಗೆ ಲೋಲಕಕ್ಕೆ ಕಟ್ಟಿದ ಕರವಸ್ತ್ರ ಅವನ ಗಲ್ಲ ಒರೆಸುತ್ತದೆ! ಇಷ್ಟೂ ಸಾಹಸ ಬಾಯಿ ಒರೆಸಿಕೊಳ್ಳಲು.

1931ರ ಹೊತ್ತಿಗೆ ಅವನ ಹೆಸರೇ ನಿಘಂಟಿನ ಪದವಾಯಿತು. ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿ 1949ರಲ್ಲಿ ಎರಡು ವಿದ್ಯಾರ್ಥಿ ಸಂಘಗಳ ನಡುವೆ ಇಂಥ ಯಂತ್ರ ಕಟ್ಟುವ ಪೈಪೋಟಿ ಶುರುವಾಯಿತು. ನಡುವೆ ನಿಂತುಹೋಗಿ, 1983ರಲ್ಲಿ ಮರಳಿ ಬಂದು, 1988ರಲ್ಲಿ ರಾಷ್ಟ್ರಮಟ್ಟದ ಸ್ಪರ್ಧೆಯಾಯಿತು. ಜಪಾನಿನ ಎನ್‌ಎಚ್‌ಕೆ ವಾಹಿನಿ 2002ರಿಂದ ‘ಪಿಟಗೊರ ಸುಇಚ್ಚಿ’ ಎಂಬ ಮಕ್ಕಳ ಕಾರ್ಯಕ್ರಮದಲ್ಲಿ ಪೆನ್ಸಿಲ್, ಸ್ಕೇಲು, ಗೋಲಿಗಳ ಇಂಥ ಪುಟ್ಟ ಯಂತ್ರಗಳನ್ನು ತೋರಿಸುತ್ತ ಬಂದಿದೆ. ಮಾತಿಲ್ಲದೆಯೂ ಅರ್ಥವಾಗುವ ಅವನ್ನು ನಾಲ್ಕು ವರ್ಷದ ಮಗುವಿನ ಜತೆ ಕೂತು ನೋಡಬಹುದು.

ನಮ್ಮ ಊರಿನ ಸರಣಿ ಯಂತ್ರಗಳು

ಗೋಲ್ಡ್‌ಬರ್ಗ್ ಬರೆದದ್ದು ನಗಿಸಲು. ‘ಒಂದು ನಡೆದರೆ ತಾನಾಗಿ ಇನ್ನೊಂದು ನಡೆಯಬೇಕು’ ಎಂಬ ಅದೇ ಯೋಚನೆಯನ್ನು ನಿಜವಾದ ಕೆಲಸಕ್ಕೆ ಹಚ್ಚಿದವರು ನಮ್ಮವರೇ ಇದ್ದಾರೆ.

ಸರ್ ಎಂ. ವಿಶ್ವೇಶ್ವರಯ್ಯನವರು ಪುಣೆ ಬಳಿಯ ಖಡಕ್‌ವಾಸ್ಲಾ ಜಲಾಶಯಕ್ಕೆ 1903ರಲ್ಲಿ ಸ್ವಯಂಚಾಲಿತ ಬಾಗಿಲುಗಳನ್ನು ಕೂರಿಸಿದರು. ನೀರು ಗೊತ್ತುಪಡಿಸಿದ ಮಟ್ಟ ದಾಟಿದರೆ ನೀರಿನ ಬಲದಿಂದಲೇ ಬಾಗಿಲು ತೆರೆಯಬೇಕು, ಮಟ್ಟ ಇಳಿದರೆ ಮುಚ್ಚಿಕೊಳ್ಳಬೇಕು. ನಡುರಾತ್ರಿ ಪ್ರವಾಹ ಬಂದರೂ ಯಾರೂ ಓಡಿಬಂದು ಚಕ್ರ ತಿರುಗಿಸಬೇಕಿಲ್ಲ. ಆ ವಿನ್ಯಾಸಕ್ಕೆ ಅವರು ಪೇಟೆಂಟ್ ಪಡೆದರು. ಅದೇ ಬಗೆಯ ಬಾಗಿಲುಗಳು ಮುಂದೆ ಗ್ವಾಲಿಯರ್‌ನ ಟಿಗ್ರಾ ಅಣೆಕಟ್ಟಿಗೂ ನಮ್ಮ ಕನ್ನಂಬಾಡಿಗೂ ಬಂದವು. ಕೆಆರ್‌ಎಸ್ ಎಂದರೆ ಮಕ್ಕಳಿಗೆ ಬೃಂದಾವನದ ಕಾರಂಜಿ ಮಾತ್ರ ನೆನಪಿದ್ದರೆ, ಮುಂದಿನ ಸಲ ಊರಿಗೆ ಹೋದಾಗ ಈ ಕಥೆಯನ್ನೂ ಹೇಳಿ.

ಇನ್ನೂ ಹಿಂದಕ್ಕೆ ಹೋದರೆ ಕಪಿಲೆ. ಬಾವಿಯ ಮೇಲೆ ರಾಟೆ, ರಾಟೆಯ ಮೇಲೆ ಹಗ್ಗ, ಹಗ್ಗದ ಒಂದು ತುದಿಗೆ ಚರ್ಮದ ದೊಡ್ಡ ಚೀಲ, ಇನ್ನೊಂದು ತುದಿಗೆ ಎತ್ತುಗಳು. ಎತ್ತುಗಳು ನಡೆಯುವ ದಾರಿಯನ್ನು ಬೇಕೆಂದೇ ಇಳಿಜಾರಾಗಿ ತೋಡುತ್ತಿದ್ದರು. ಇಳಿಯುವಾಗ ಎತ್ತಿನ ಮೈಭಾರವೂ ಎಳೆತಕ್ಕೆ ಸೇರಲಿ ಎಂದು. ಎರಡು ಸರಳ ಯಂತ್ರಗಳು ಜತೆಗೂಡಿದ ವ್ಯವಸ್ಥೆ ಅದು. ಏತವಂತೂ ನೇರವಾಗಿ ಸನ್ನೆಯೇ: ಕಂಬದ ಮೇಲೆ ಅಡ್ಡ ಮರ, ಒಂದು ತುದಿಯಲ್ಲಿ ಬಾನಿ, ಇನ್ನೊಂದು ತುದಿಯಲ್ಲಿ ಭಾರ.

ಹಂಪಿಯ ಬಂಡೆಗಳ ಮೇಲೆ ಸಾಲಾಗಿ ಚೌಕ ತೂತುಗಳನ್ನು ನೋಡಿರುತ್ತೀರಿ. ಬೆಣೆ ಹೊಡೆದು ಕಲ್ಲು ಸೀಳಿದ ಗುರುತುಗಳವು. ಮನೆಯೊಳಗೆ ಬಂದರೆ ಈಳಿಗೆ ಮಣೆಯ ಅಲಗು ಬೆಣೆ, ಅಡಕತ್ತರಿ ಸನ್ನೆ, ಬೀಸುವ ಕಲ್ಲಿನ ಹಿಡಿ ಚಕ್ರ ಮತ್ತು ಅಚ್ಚಿನ ತತ್ವ, ತಿರುಗಿಸಿ ಒತ್ತುವ ಚಕ್ಕುಲಿ ಒರಳು ತಿರುಪು. ಪಠ್ಯಪುಸ್ತಕ ಪಟ್ಟಿ ಮಾಡುವ ಆರು ಸರಳ ಯಂತ್ರಗಳೆಂದರೆ ಸನ್ನೆ, ರಾಟೆ, ಇಳಿಜಾರು, ಬೆಣೆ, ತಿರುಪು, ಗಾಲಿ–ಅಚ್ಚು. ಆರೂ ನಮ್ಮ ಅಜ್ಜಿಯ ಅಡುಗೆಮನೆಯಿಂದ ಬಾವಿಕಟ್ಟೆಯವರೆಗೆ ಇದ್ದವು.

ಯಂತ್ರ ಏನನ್ನೂ ಪುಕ್ಕಟೆ ಕೊಡುವುದಿಲ್ಲ

ಮಕ್ಕಳಿಗೆ ಇಲ್ಲಿ ಮೊದಲು ಹೊಳೆಯಬೇಕಾದ ಮಾತು ಇದು. ಸರಳ ಯಂತ್ರ ಶಕ್ತಿಯನ್ನು ಹುಟ್ಟಿಸುವುದಿಲ್ಲ, ಕೊಡು–ಕೊಳ್ಳುವ ವ್ಯವಹಾರ ಮಾಡುತ್ತದೆ. 20 ಸೆಂಟಿಮೀಟರ್ ಎತ್ತರಕ್ಕೆ ಹೋಗುವ 60 ಸೆಂಟಿಮೀಟರ್ ಉದ್ದದ ಹಲಗೆಯ ಮೇಲೆ ಆಟದ ಲಾರಿಯನ್ನು ಎಳೆದರೆ, ಘರ್ಷಣೆ ಬಿಟ್ಟರೆ, ಮೂರನೇ ಒಂದು ಪಾಲು ಬಲ ಸಾಕು. ಆದರೆ ಮೂರು ಪಟ್ಟು ದೂರ ಎಳೆಯಬೇಕು. ಬಲ ಉಳಿಸಿದರೆ ದೂರದಲ್ಲಿ ತೆರಬೇಕು.

ಸನ್ನೆಯನ್ನು ಕಲಿಸಲು ನಿಮ್ಮ ಪರ್ಸಿನಲ್ಲಿರುವ ಆಸ್ಟ್ರೇಲಿಯಾದ ಚಿಲ್ಲರೆಯೇ ಸಾಕು. 5 ಸೆಂಟಿನ ನಾಣ್ಯ 2.83 ಗ್ರಾಂ, 10 ಸೆಂಟಿನದು 5.65 ಗ್ರಾಂ, 20 ಸೆಂಟಿನದು 11.3 ಗ್ರಾಂ. ಅಂದರೆ ಬೆಲೆ ಇಮ್ಮಡಿಯಾದಂತೆ ತೂಕವೂ ಇಮ್ಮಡಿ. 30 ಸೆಂಟಿಮೀಟರಿನ ಸ್ಕೇಲನ್ನು ನಡುಮಧ್ಯಕ್ಕೆ ಪೆನ್ಸಿಲ್ ಮೇಲೆ ನಿಲ್ಲಿಸಿ. ಒಂದು ಕಡೆ 20 ಸೆಂಟಿನ ನಾಣ್ಯವನ್ನು ಪೆನ್ಸಿಲ್‌ನಿಂದ 6 ಸೆಂಟಿಮೀಟರ್ ದೂರದಲ್ಲಿಡಿ. ‘ಈಗ 10 ಸೆಂಟಿನ ನಾಣ್ಯವನ್ನು ಎಲ್ಲಿಟ್ಟರೆ ಸಮ ನಿಲ್ಲುತ್ತೆ?’ ಎಂದು ಕೇಳಿ. ಮಗು ಸರಿಸಿ ಸರಿಸಿ 12ರ ಹತ್ತಿರ ಬಂದು ನಿಲ್ಲುತ್ತದೆ. ಸೂತ್ರವನ್ನು ನೀವು ಹೇಳಿಕೊಡಬೇಕಿಲ್ಲ, ಸ್ಕೇಲೇ ಹೇಳುತ್ತದೆ. ತಾತ ಮನೆಯಲ್ಲಿದ್ದರೆ ಸಂತೆಯ ತಕ್ಕಡಿಯ ಕಥೆಗೆ ಇದೇ ಸಮಯ.

ಎರಡನೆಯ ಮಾತು ಶಕ್ತಿಯ ಕೂಡಿಡುವಿಕೆ. ಮೇಜಿನ ಮೇಲಿಟ್ಟ ಗೋಲಿಯಲ್ಲಿ ಎತ್ತರದ ಕಾರಣದಿಂದ ಪ್ರಚ್ಛನ್ನ ಶಕ್ತಿ ಇರುತ್ತದೆ. ಬಿದ್ದಾಗ ಅದು ಚಲನ ಶಕ್ತಿಯಾಗುತ್ತದೆ. 5 ಗ್ರಾಮಿನ ಗೋಲಿ 75 ಸೆಂಟಿಮೀಟರ್ ಬಿದ್ದರೆ ಸಿಗುವುದು ಸುಮಾರು 0.037 ಜೂಲ್. ಅರ್ಧ ಕಿಲೊ ತೊಗರಿಬೇಳೆಯ ಪೊಟ್ಟಣ ಅಷ್ಟೇ ಎತ್ತರದಿಂದ ಬಿದ್ದರೆ ಸುಮಾರು 3.7 ಜೂಲ್, ನೂರು ಪಟ್ಟು. ಹಾಗಾಗಿ ಗೋಲಿ ನೇರವಾಗಿ ಗಂಟೆಯನ್ನು ಎತ್ತಲಾರದು, ಆದರೆ ಬೇಳೆಯ ಪೊಟ್ಟಣವನ್ನು ತಡೆದಿಟ್ಟ ಬೆಣೆಯನ್ನು ಅಲುಗಿಸಬಲ್ಲದು. ಪೊಟ್ಟಣ ಗಂಟೆಯನ್ನು ಎತ್ತುತ್ತದೆ. ಸರಣಿ ಯಂತ್ರದ ಗುಟ್ಟೆಲ್ಲ ಇಲ್ಲಿದೆ: ಪ್ರತಿ ಹಂತದಲ್ಲೂ ಮೊದಲೇ ಕೂಡಿಟ್ಟ ಶಕ್ತಿ ಕಾದಿರುತ್ತದೆ, ಹಿಂದಿನ ಹಂತ ಅದಕ್ಕೆ ಬರೀ ಅಪ್ಪಣೆ ಕೊಡುತ್ತದೆ.

ಡಾಮಿನೊ ಇದಕ್ಕೆ ಒಳ್ಳೆಯ ಉದಾಹರಣೆ. ಒಂದು ಡಾಮಿನೊ ತನಗಿಂತ ಸುಮಾರು ಒಂದೂವರೆ ಪಟ್ಟು ದೊಡ್ಡದನ್ನೂ ಬೀಳಿಸಬಲ್ಲದು. ಟೊರಾಂಟೊ ವಿಶ್ವವಿದ್ಯಾಲಯದ ಭೌತವಿಜ್ಞಾನಿ ಸ್ಟೀಫನ್ ಮಾರಿಸ್ ಹೀಗೆ ಬೆಳೆಯುತ್ತ ಹೋಗುವ 13 ಡಾಮಿನೊಗಳನ್ನು ಸಾಲಾಗಿ ನಿಲ್ಲಿಸಿ ತೋರಿಸಿದರು. ಮೊದಲನೆಯದು ಬರೀ 5 ಮಿಲಿಮೀಟರ್ ಎತ್ತರ, ಚಿಮುಟದಲ್ಲಿ ಹಿಡಿಯುವಂಥದ್ದು. ಕೊನೆಯದು ಸುಮಾರು 45 ಕಿಲೊ. ಪುಟ್ಟದಕ್ಕೆ ಕೊಟ್ಟ ಸಣ್ಣ ತಳ್ಳುವಿಕೆ ಸಾಲದು ಅನ್ನಿಸಿದರೂ, ನಿಂತಿರುವ ಪ್ರತಿ ಡಾಮಿನೊದಲ್ಲೂ ಶಕ್ತಿ ಕಾದಿರುವುದರಿಂದ ಅದು ಸಾಕಾಗುತ್ತದೆ.

ಪ್ರತಿ ಹಂತದಲ್ಲೂ ಒಂದಿಷ್ಟು ಶಕ್ತಿ ಸದ್ದಾಗಿ, ಬಿಸಿಯಾಗಿ ಸೋರಿಹೋಗುತ್ತದೆ. ‘ಟಕ್ ಟಕ್ ಅಂತ ಕೇಳಿಸ್ತಲ್ಲ, ಅದು ಯಾವ ಶಕ್ತಿ?’ ಎಂದು ಕೇಳಿ. ಇಳಿಜಾರಿನಲ್ಲಿ ಜಾರದೆ ಉರುಳುವ ಗೋಲಿಯ ಚಲನ ಶಕ್ತಿಯಲ್ಲಿ ಏಳರಲ್ಲಿ ಎರಡು ಪಾಲು ತಿರುಗುವುದಕ್ಕೇ ಹೋಗುತ್ತದೆ, ಮುಂದೆ ಸಾಗಲು ಉಳಿಯುವುದು ಐದು ಪಾಲು. ದೊಡ್ಡ ಮಕ್ಕಳಿಗೆ ಇದು ಒಳ್ಳೆಯ ಒಗಟು.

ಈ ವಾರಾಂತ್ಯಕ್ಕೆ ಒಂದು ಯಂತ್ರ

ಸಾಮಾನಿಗಾಗಿ ದುಡ್ಡು ಸುರಿಯಬೇಡಿ. ಗಿಫ್ಟ್ ಸುತ್ತುವ ಕಾಗದದ ಒಳಗಿನ ರಟ್ಟಿನ ಕೊಳವೆ, ಟಾಯ್ಲೆಟ್ ರೋಲ್, ಹಳೆಯ ಪುಸ್ತಕ, ದಾರದ ಉಂಡೆ ಮನೆಯಲ್ಲೇ ಇರುತ್ತವೆ. ಪುಟ್ಟ ಪೂಜೆಯ ಗಂಟೆ ಬೇಕಾದರೆ ಹ್ಯಾರಿಸ್ ಪಾರ್ಕ್‌ನ ವಿಗ್ರಾಮ್ ಸ್ಟ್ರೀಟ್ ಕಡೆ ಸಾಮಾನು ತರಲು ಹೋದಾಗ ನೋಡಿ. ಹೋದವರು ಅಲ್ಲೇ ರೂಸ್ ಸ್ಟ್ರೀಟ್‌ನಲ್ಲಿರುವ ‘ಎಕ್ಸ್‌ಪೆರಿಮೆಂಟ್ ಫಾರ್ಮ್’ ಕಾಟೇಜನ್ನೂ ಮಕ್ಕಳಿಗೆ ತೋರಿಸಿ. 1789ರಲ್ಲಿ ಜೇಮ್ಸ್ ರೂಸ್ ಎಂಬ ಕೈದಿಗೆ ಗವರ್ನರ್ ಫಿಲಿಪ್ ಅಲ್ಲಿ ನೆಲ ಕೊಟ್ಟು, ಒಬ್ಬ ಮನುಷ್ಯ ಈ ಮಣ್ಣಿನಲ್ಲಿ ಬೆಳೆದು ತನ್ನ ಹೊಟ್ಟೆ ತಾನು ಹೊರೆಯಬಲ್ಲನೇ ಎಂದು ಪರೀಕ್ಷಿಸಿದ. ಹೆಸರು ಬಂದದ್ದು ಹಾಗೆ. ಪ್ರಯೋಗ ಎಂದರೆ ಲ್ಯಾಬಿನ ಬಿಳಿ ಕೋಟು ಮಾತ್ರವಲ್ಲ ಎಂದು ಹೇಳಲು ಅದಕ್ಕಿಂತ ಹತ್ತಿರದ ಜಾಗ ಸಿಡ್ನಿಯಲ್ಲಿಲ್ಲ.

ಯಂತ್ರದ ಹಂತಗಳು ಹೀಗಿರಲಿ:

1. ದೊಡ್ಡ ಬಾಟಲಿಯ ಸುತ್ತ ರಟ್ಟಿನ ದಾರಿಯನ್ನು ಸುತ್ತಿ ಅಂಟಿಸಿ. ಗೋಲಿ ಅದರ ಮೇಲೆ ಸುತ್ತಿಕೊಂಡು ಇಳಿಯುತ್ತದೆ. ಕಂಬಕ್ಕೆ ಸುತ್ತಿದ ಇಳಿಜಾರೇ ತಿರುಪು ಎಂದು ಮಗುವಿಗೆ ಇಲ್ಲಿ ಕಾಣುತ್ತದೆ.

2. ಗೋಲಿ ಮೊದಲ ಡಾಮಿನೊಗೆ ಬಡಿಯಲಿ. ಡಾಮಿನೊ ಆದಮೇಲೆ ಪುಟ್ಟ ಪುಸ್ತಕ, ಆಮೇಲೆ ಸ್ವಲ್ಪ ದೊಡ್ಡದು, ಆಮೇಲೆ ದಪ್ಪನೆಯದು.

3. ದಪ್ಪ ಪುಸ್ತಕ ಸ್ಕೇಲಿನ ಒಂದು ತುದಿಯ ಮೇಲೆ ಬೀಳಲಿ. ಪೆನ್ಸಿಲ್ ಮೇಲೆ ನಿಂತ ಸ್ಕೇಲು ಸನ್ನೆ. ಇನ್ನೊಂದು ತುದಿ ಮೇಲೆದ್ದು, ಆಟದ ಕಾರಿನ ಮುಂದೆ ಅಡ್ಡ ನಿಲ್ಲಿಸಿದ ರಟ್ಟಿನ ತುಂಡನ್ನು ಎತ್ತಲಿ.

4. ಕಾರು ಹಲಗೆಯ ಇಳಿಜಾರಿನಲ್ಲಿ ಓಡಲಿ. ಅದರ ಹಿಂದಕ್ಕೆ ಕಟ್ಟಿದ ದಾರ ಒಂದು ಬೆಣೆಯನ್ನು ಎಳೆದು ತೆಗೆಯಲಿ. ತೇರಿನ ಗಾಲಿಯ ಕೆಳಗಿನ ಮರದ ಬೆಣೆ ತೆಗೆದ ಹಾಗೆ.

5. ಬೆಣೆ ತಡೆದಿದ್ದ ಅಕ್ಕಿಯ ಪುಟ್ಟ ಚೀಲ, ಕಾಲು ಕಿಲೊ ಸಾಕು, ಕೆಳಗಿಟ್ಟ ದಿಂಬಿನ ಮೇಲೆ ಇಳಿಯಲಿ. ಚೀಲದ ದಾರ ಎರಡು ಕುರ್ಚಿಗಳ ನಡುವೆ ಇಟ್ಟ ಪೊರಕೆ ಕೋಲಿನ ಮೇಲಿನ ದಾರದ ರೀಲನ್ನು ಬಳಸಿ ಹೋಗಿ ಗಂಟೆಗೆ ಕಟ್ಟಿರಲಿ. ಅದೇ ರಾಟೆ. ಚೀಲ ಇಳಿದರೆ ಗಂಟೆ ಮೇಲೇರಿ ಬಾರಿಸುತ್ತದೆ.

ಕಟ್ಟುವಾಗ ಕೊನೆಯಿಂದ ಶುರು ಮಾಡಿ. ಮೊದಲು ಐದನೆಯ ಹಂತ ಸರಿಯಾಗಿ ನಡೆಯಲಿ, ಆಮೇಲೆ ನಾಲ್ಕನೆಯದನ್ನು ಅದಕ್ಕೆ ಜೋಡಿಸಿ. ಡಾಮಿನೊ ನಿಲ್ಲಿಸುವಾಗ ನಡುವೆ ಒಂದೆರಡು ಕಡೆ ಜಾಗ ಖಾಲಿ ಬಿಟ್ಟು ಕೊನೆಗೆ ತುಂಬಿ. ಅರ್ಧದಲ್ಲಿ ತಪ್ಪಿ ಬಿದ್ದರೂ ಎಲ್ಲವೂ ಹೋಗುವುದಿಲ್ಲ.

ಐದರಿಂದ ಏಳು ವರ್ಷದವರಿಗೆ ಎರಡು ಹಂತ ಸಾಕು. ಎಂಟು–ಹತ್ತರವರು ಐದು ಮಾಡಲಿ. ಅದಕ್ಕೆ ಮೇಲ್ಪಟ್ಟವರು ಹತ್ತು ಹಂತಕ್ಕೆ ಏರಿ, ನೋಟ್‌ಬುಕ್ಕಿನಲ್ಲಿ ಎತ್ತರ, ತೂಕ, ಎಷ್ಟು ಸಲ ಗೆದ್ದಿತು ಎಂದು ಬರೆದಿಡಲಿ.

ಮನೆಯಲ್ಲಿ ಮೂರು ವರ್ಷಕ್ಕಿಂತ ಚಿಕ್ಕವರಿದ್ದರೆ ಗೋಲಿ ಬೇಡ, ದೊಡ್ಡ ಚೆಂಡು ಬಳಸಿ. ಬಟನ್ ಬ್ಯಾಟರಿ ಇರುವ ಆಟಿಕೆಗಳನ್ನು ಬಿಚ್ಚಲು ಬಿಡಬೇಡಿ, ನುಂಗಿದರೆ ಪ್ರಾಣಕ್ಕೇ ಅಪಾಯ. ಆಸ್ಟ್ರೇಲಿಯಾ 2022ರ ಜೂನ್‌ನಲ್ಲಿ ಅವುಗಳಿಗೆಂದೇ ಕಡ್ಡಾಯ ಸುರಕ್ಷತಾ ನಿಯಮ ತಂದದ್ದು ಆ ಕಾರಣಕ್ಕೆ. ಬಲವಾದ ಪುಟ್ಟ ಅಯಸ್ಕಾಂತ, ಬೆಂಕಿ, ಮೇಣದಬತ್ತಿ ಇವೂ ಬೇಡ. ಗೋಲ್ಡ್‌ಬರ್ಗ್‌ನ ರಾಕೆಟ್ ಕಾಗದದ ಮೇಲೇ ಇರಲಿ.

ಬಿದ್ದರೆ ಬೀಳಲಿ

ಈಗ ನಿಜವಾದ ಕಷ್ಟದ ಭಾಗ. ಅದು ಮಕ್ಕಳಿಗಲ್ಲ, ನಮಗೆ.

ಲೆಕ್ಕ ನೋಡಿ. ಒಂದೊಂದು ಹಂತವೂ ಹತ್ತರಲ್ಲಿ ಒಂಬತ್ತು ಸಲ ಸರಿಯಾಗಿ ನಡೆಯುತ್ತದೆ ಎಂದಿಟ್ಟುಕೊಳ್ಳಿ. ಶಾಲೆಯಲ್ಲಿ ನೂರಕ್ಕೆ 90 ಬಂದ ಹಾಗೆ. ಅಂಥ ಹತ್ತು ಹಂತಗಳನ್ನು ಜೋಡಿಸಿದರೆ ಇಡೀ ಯಂತ್ರ ಗೆಲ್ಲುವುದು ನೂರರಲ್ಲಿ ಸುಮಾರು 35 ಸಲ ಮಾತ್ರ. ಪ್ರತಿ ಹಂತವೂ ನೂರಕ್ಕೆ 99 ಸಲ ನಡೆದರೆ ಆಗ ಇಡೀ ಯಂತ್ರ 90 ಸಲ ಗೆಲ್ಲುತ್ತದೆ. ಅಂದರೆ ಸೋಲು ಇಲ್ಲಿ ದಡ್ಡತನದ ಗುರುತಲ್ಲ, ಲೆಕ್ಕದ ಸಹಜ ಫಲ. ಯಾವ ಹಂತ ಕೈಕೊಡುತ್ತಿದೆ ಎಂದು ಹುಡುಕಿ, ಅದೊಂದನ್ನೇ ಹತ್ತು ಸಲ ಪರೀಕ್ಷಿಸಿ, ಒಂದೇ ಒಂದು ಸಂಗತಿಯನ್ನು ಬದಲಿಸಿ ಮತ್ತೆ ನೋಡುವುದೇ ಎಂಜಿನಿಯರಿಂಗ್.

ನಾಲ್ಕನೇ ವರ್ಷದಲ್ಲಿ ಓಸಿ ಪರೀಕ್ಷೆ, ಆರನೇ ವರ್ಷದಲ್ಲಿ ಸೆಲೆಕ್ಟಿವ್ ಪರೀಕ್ಷೆ, ಶನಿವಾರದ ಕೋಚಿಂಗ್: ನಮ್ಮ ಮಕ್ಕಳಲ್ಲಿ ಅನೇಕರ ವಾರ ಹೀಗೆ ತುಂಬಿಹೋಗಿದೆ. ಅಲ್ಲಿ ಪ್ರತಿ ಪ್ರಶ್ನೆಗೂ ಒಂದೇ ಸರಿ ಉತ್ತರ, ತಪ್ಪಿದರೆ ಅಂಕ ಹೋಯಿತು. ಅದರ ಅಗತ್ಯವನ್ನು ಅಲ್ಲಗಳೆಯುತ್ತಿಲ್ಲ. ಆದರೆ ತಪ್ಪನ್ನು ಬಚ್ಚಿಡದೆ, ಅದರ ಹತ್ತಿರ ಹೋಗಿ ಬಗ್ಗಿ ನೋಡುವ ಅಭ್ಯಾಸ ಅಲ್ಲಿ ಬರುವುದಿಲ್ಲ. ಗೋಲಿ ದಾರಿ ತಪ್ಪಿದಾಗ ಯಾರೂ ಕೆಂಪು ಗೆರೆ ಎಳೆಯುವುದಿಲ್ಲ. ‘ಯಾಕೆ?’ ಎಂಬ ಪ್ರಶ್ನೆ ಮಾತ್ರ ಉಳಿಯುತ್ತದೆ.

ಎಂಜಿನಿಯರ್ ಅಪ್ಪ–ಅಮ್ಮಂದಿರ ಕೈ ಇಲ್ಲಿ ತುರಿಸುತ್ತದೆ. ‘ತಾ ಇಲ್ಲಿ, ಹಾಗಲ್ಲ’ ಎಂದು ಎರಡು ನಿಮಿಷದಲ್ಲಿ ಸರಿ ಮಾಡಿಬಿಡುತ್ತೇವೆ. ಯಂತ್ರ ಚೆನ್ನಾಗಿ ನಡೆಯುತ್ತದೆ, ವಿಡಿಯೊ ಚೆನ್ನಾಗಿ ಬರುತ್ತದೆ, ಮಗು ಮಾತ್ರ ಪಕ್ಕಕ್ಕೆ ಸರಿದು ಐಪ್ಯಾಡ್ ಹಿಡಿದಿರುತ್ತದೆ. ಕೈಗಳನ್ನು ಹಿಂದಕ್ಕೆ ಕಟ್ಟಿಕೊಳ್ಳಿ. ಅಂಟು ಟೇಪ್ ಕತ್ತರಿಸಿಕೊಡಿ, ಹಲಗೆ ಹಿಡಿದುಕೊಳ್ಳಿ. ಉತ್ತರದ ಬದಲು ಪ್ರಶ್ನೆ ಕೊಡಿ: ‘ಎಲ್ಲಿ ನಿಂತಿತು ನೋಡಿದೆಯಾ?’ ‘ಹಿಂದಿನ ಸಲಕ್ಕೂ ಈ ಸಲಕ್ಕೂ ಏನು ವ್ಯತ್ಯಾಸ?’ ‘ಇನ್ನೂ ಎತ್ತರದಿಂದ ಬಿಟ್ಟರೆ ಏನಾಗಬಹುದು?’ ಅಣ್ಣ–ತಂಗಿ ಸೇರಿ ಕಟ್ಟುತ್ತಿದ್ದರೆ, ತಂಗಿಯ ಕೆಲಸ ಬರೀ ಡಾಮಿನೊ ಎತ್ತಿಕೊಡುವುದಾಗದಂತೆ ಒಂದು ಹಂತವನ್ನು ಪೂರ್ತಿ ಅವಳಿಗೇ ಬಿಡಿ.

ಪದಕ್ಕೆ ವಸ್ತು ಸಿಗುವ ಹೊತ್ತು

ಹೊರದೇಶದಲ್ಲಿ ಬೆಳೆಯುವ ಮಕ್ಕಳ ಕನ್ನಡ ಬಹಳ ಸಲ ಊಟ, ನಿದ್ದೆ, ‘ಬೇಗ ಬಾ’, ‘ಶೂ ಹಾಕ್ಕೋ’ಗಳಲ್ಲೇ ನಿಂತುಬಿಡುತ್ತದೆ. ಯೋಚನೆ ಮಾಡುವ ಭಾಷೆ ಇಂಗ್ಲಿಷ್ ಆಗಿ, ಕನ್ನಡ ಅಪ್ಪಣೆ ಕೊಡುವ ಭಾಷೆಯಾಗಿ ಉಳಿಯುತ್ತದೆ. ‘ಬೆಣೆ’ ಎಂಬ ಪದವನ್ನು ಫ್ಲ್ಯಾಶ್‌ಕಾರ್ಡಿನಲ್ಲಿ ಕಲಿಸಿದರೆ ಅದು ಸೋಮವಾರಕ್ಕೆ ಮರೆತುಹೋಗುತ್ತದೆ. ತಾನೇ ಎಳೆದು ತೆಗೆದ ಬೆಣೆ, ತಾನೇ ನಿಲ್ಲಿಸಿದ ಸನ್ನೆ, ತಾನೇ ಮಾಡಿದ ರಾಟೆ ಮರೆಯುವುದಿಲ್ಲ. ‘ಉರುಳು’, ‘ಜಾರು’, ‘ವಾಲು’, ‘ಚಿಮ್ಮು’, ‘ಮಗುಚು’, ‘ತಡೆ’ ಎಂಬ ಕ್ರಿಯಾಪದಗಳಿಗೆ ಇದಕ್ಕಿಂತ ಒಳ್ಳೆಯ ತರಗತಿ ಬೇಕೇ? ವಾರಾಂತ್ಯದ ಕನ್ನಡ ಶಾಲೆ ನಡೆಸುವವರು ಒಂದು ದಿನ ಅಕ್ಷರಮಾಲೆ ಬದಿಗಿಟ್ಟು ಇದನ್ನು ಮಾಡಿ ನೋಡಬಹುದು. ಪ್ರತಿ ಗುಂಪಿಗೆ ಒಂದು ಹಂತ, ಕೊನೆಗೆ ಎಲ್ಲರದ್ದೂ ಸೇರಿ ಒಂದೇ ಯಂತ್ರ, ವಿವರಣೆ ಕನ್ನಡದಲ್ಲಿ.

ಊರಿನಿಂದ ಅಜ್ಜಿ–ತಾತ ಬಂದಿರುವ ತಿಂಗಳುಗಳಲ್ಲಂತೂ ಇದಕ್ಕೆ ಬೆಲೆ ಕಟ್ಟಲಾಗದು. ಹಗಲೆಲ್ಲ ಮನೆಯಲ್ಲಿ ಒಬ್ಬರೇ ಕೂತು ಬೇಸರಪಡುವ ತಾತನಿಗೆ ಏತ, ಕಪಿಲೆ ಗೊತ್ತಿರುತ್ತದೆ. ಯಾವ ಗಂಟು ಜಾರುತ್ತದೆ, ಯಾವುದು ಬಿಗಿಯಾಗಿ ನಿಲ್ಲುತ್ತದೆ ಎಂಬುದು ಅಜ್ಜಿಯ ಬೆರಳಿಗೆ ಗೊತ್ತಿರುತ್ತದೆ. ಮೊಮ್ಮಗುವಿನ ಇಂಗ್ಲಿಷ್ ಅವರಿಗೆ ಪೂರ್ತಿ ತಿಳಿಯದು, ಅವರ ಕನ್ನಡ ಮೊಮ್ಮಗುವಿಗೆ ಪೂರ್ತಿ ತಿಳಿಯದು. ನಡುವೆ ಒಂದು ಗೋಲಿ ಸಿಕ್ಕಿಹಾಕಿಕೊಂಡಿದ್ದರೆ ಇಬ್ಬರೂ ಅದರ ಸುತ್ತ ಕೂತು ಮಾತಾಡುತ್ತಾರೆ.

ಮೆಲ್ಬರ್ನ್‌ನವರು ರಜೆಯಲ್ಲಿ ಸ್ಪಾಟ್ಸ್‌ವುಡ್‌ನ ಸೈನ್ಸ್‌ವರ್ಕ್ಸ್‌ಗೆ ಹೋಗಿ. 1897ರಿಂದ 1965ರವರೆಗೆ ನಗರದ ಕೊಳಚೆ ನೀರನ್ನು ಎತ್ತುತ್ತಿದ್ದ ಹಳೆಯ ಪಂಪಿಂಗ್ ಸ್ಟೇಷನ್ ಅದರ ಅಂಗಳದಲ್ಲೇ ಇದೆ. ಅಲ್ಲಿನ ಭಾರಿ ಉಗಿ ಪಂಪುಗಳಲ್ಲಿ ಸನ್ನೆ, ಚಕ್ರ, ಅಚ್ಚುಗಳನ್ನು ಮಕ್ಕಳೇ ಹುಡುಕಲಿ. ಬೆಂಗಳೂರಿಗೆ ಹೋದಾಗ ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂ ಇದ್ದೇ ಇದೆ.

ದಿನ ಗೊತ್ತುಮಾಡಿಕೊಳ್ಳಬೇಕೆಂದರೆ ಸೆಪ್ಟೆಂಬರ್ 15 ಇದೆ. ವಿಶ್ವೇಶ್ವರಯ್ಯನವರ ಹುಟ್ಟುಹಬ್ಬ, ಎಂಜಿನಿಯರುಗಳ ದಿನ. ಅದರ ಹಿಂದಿನ ಶನಿವಾರ ಎರಡು ಮೂರು ಕುಟುಂಬಗಳು ಒಂದೇ ಮನೆಯಲ್ಲಿ ಸೇರಿ, ಒಬ್ಬೊಬ್ಬರು ಎರಡೆರಡು ಹಂತ ಕಟ್ಟಿ ಜೋಡಿಸಿ. ಸಾಮಾನು ತೆಗೆದಿಡಲು ಎರಡು ರಟ್ಟಿನ ಪೆಟ್ಟಿಗೆ, ಬಿಸಿ ಉಪ್ಪಿಟ್ಟು ಮಾಡಲು ಒಬ್ಬರು, ತಾಳ್ಮೆ ಎಲ್ಲರಿಗೂ. ಗಂಟೆ ಹನ್ನೊಂದನೆಯ ಸಲಕ್ಕೋ ಮೂವತ್ತನೆಯ ಸಲಕ್ಕೋ ಬಾರಿಸುತ್ತದೆ. ಬಾರಿಸಿದ ಕೂಡಲೇ ಮಕ್ಕಳು ಹೇಳುವ ಮಾತು ಒಂದೇ: ‘ಇನ್ನೊಂದ್ ಸಲ!’